ಹೊಳೆಯಿಲ್ಲದ ಸೇತುವೆಗಳು

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಐಸ್‌ಕ್ರೀಂ ಕಡ್ಡಿಯ ಸೇತುವೆ ಈಗ ಹೊಸದೇನಲ್ಲ. ಮಕ್ಕಳು ಕಡ್ಡಿ ಅಂಟಿಸುತ್ತಾರೆ, ಒಣಗಿದ ಮೇಲೆ ಭಾರ ಹೇರುತ್ತಾರೆ, ಹೆಚ್ಚು ಹೊತ್ತ ತಂಡ ಗೆಲ್ಲುತ್ತದೆ. ಉರು ಹೊಡೆಯುವ ಪಾಠಕ್ಕಿಂತ ಇದು ಎಷ್ಟೋ ವಾಸಿ. ನಾಲ್ಕು ಕಡ್ಡಿಯ ಚೌಕಟ್ಟು ಮೂಲೆ ಒತ್ತಿದೊಡನೆ ವಾಲುತ್ತದೆ, ಮೂರು ಕಡ್ಡಿಯದು ಅಲುಗುವುದಿಲ್ಲ. ತ್ರಿಕೋನದ ಈ ಬಿಗಿ ಬೆರಳಿಗೇ ತಿಳಿಯುವಂಥದ್ದು. ನನ್ನ ತಕರಾರು, ಪಾಠ ಅಲ್ಲಿಗೇ ನಿಲ್ಲುತ್ತದೆ ಎಂಬುದು.

ಮೊದಲಿಗೆ, ಗೆಲುವಿನ ಅಳತೆಯೇ ದಾರಿ ತಪ್ಪಿಸುತ್ತದೆ. ಪುಟ್ಟ ಮಾದರಿ ತನ್ನ ತೂಕದ ಹಲವು ಪಟ್ಟು ಹೊರುವುದು ಅಚ್ಚರಿಯಲ್ಲ. ಅದನ್ನೇ ಎಲ್ಲ ದಿಕ್ಕಿಗೂ 10 ಪಟ್ಟು ಹಿಗ್ಗಿಸಿದರೆ ತೂಕ 1000 ಪಟ್ಟಾಗುತ್ತದೆ. ಅದನ್ನು ತಾಳಬೇಕಾದ ಕಡ್ಡಿಯ ಅಡ್ಡಕೊಯ್ತ ಮಾತ್ರ 100 ಪಟ್ಟು. ಗೆಲಿಲಿಯೊ ಈ ಲೆಕ್ಕವನ್ನು 1638ರಲ್ಲೇ ಮುಂದಿಟ್ಟಿದ್ದ. ಉದ್ದನೆಯ ಸೇತುವೆಗೆ ಲಾರಿಗಿಂತ ತನ್ನ ಮೈಭಾರವೇ ದೊಡ್ಡ ಚಿಂತೆ. ಚಪ್ಪಾಳೆಯ ನಡುವೆ ಈ ಮಾತು ಬರುವುದೇ ಇಲ್ಲ.

ಇನ್ನೊಂದು, ಮುರಿದದ್ದನ್ನು ಯಾರೂ ಓದುವುದಿಲ್ಲ. ಕಡ್ಡಿ ಎಳೆತಕ್ಕೆ ತುಂಡಾಯಿತೋ, ಒತ್ತಡಕ್ಕೆ ಬಾಗಿತೋ, ಅಂಟು ಬಿಟ್ಟಿತೋ? ಮೂರಕ್ಕೂ ಮದ್ದು ಬೇರೆ. ಸಿವಿಲ್ ಎಂಜಿನಿಯರಿಂಗ್ ಶುರುವಾಗುವುದೇ ಅಲ್ಲಿ. ನಮ್ಮ ಪ್ರದರ್ಶನ ಮುಗಿಯುವುದೂ ಅಲ್ಲೇ.

ಎಲ್ಲಕ್ಕಿಂತ ದೊಡ್ಡ ಕೊರತೆ ಹೊಳೆಯದು. ಎರಡು ಬೆಂಚುಗಳ ನಡುವಿನ ಸೇತುವೆಗೆ ನೆರೆಯಿಲ್ಲ, ಕಂಬದ ಬುಡದ ಮಣ್ಣು ಕೊರೆಯುವ ನೀರಿಲ್ಲ, ಬುನಾದಿಯಿಲ್ಲ. ಕುಮಾರಪಟ್ಟಣದ ಮಕ್ಕಳಿಗಂತೂ ಈ ಬಡತನ ಬೇಕಿಲ್ಲ. ಅವರಿಗೂ ಹರಿಹರಕ್ಕೂ ನಡುವೆ ತುಂಗಭದ್ರೆ ಇದೆ. ಮೈಸೂರು ಸಂಸ್ಥಾನವನ್ನೂ ಮುಂಬೈ ಪ್ರಾಂತ್ಯದ ಧಾರವಾಡ ಸೀಮೆಯನ್ನೂ ಕೂಡಿಸಲು ಹರಿಹರದಲ್ಲಿ 1868ರಲ್ಲಿ ಮುಗಿದ ಕಲ್ಲು–ಇಟ್ಟಿಗೆಯ ಸೇತುವೆಗೆ 60 ಅಡಿಯ 14 ಕಮಾನುಗಳು. ಕಂಡಿಗಳ ಅಗಲವೇ 840 ಅಡಿ. ಅರ್ಧವೃತ್ತವಾಗಿದ್ದರೆ ಪ್ರತಿ ಕಮಾನೂ 30 ಅಡಿ ಏಳಬೇಕಿತ್ತು, ರಸ್ತೆಯೂ ಅದರೊಂದಿಗೆ ಏರಬೇಕಿತ್ತು. ಕಟ್ಟಿದವರು ದೀರ್ಘವೃತ್ತದ ತಗ್ಗು ಕಮಾನನ್ನು ಆರಿಸಿದ್ದೇಕೆ ಎಂದು ಎಂಟನೇ ತರಗತಿಯಲ್ಲಿ ಕೇಳಬಹುದು. ಉತ್ತರದ ಇನ್ನೊಂದು ಮುಖವೂ ಹೊರಬರುತ್ತದೆ: ಕಮಾನು ತಗ್ಗಿದಷ್ಟೂ ಪಕ್ಕದ ಒತ್ತು ಹೆಚ್ಚು.

ಅದನ್ನು ಶಾಲೆಯ ಅಂಗಳದಲ್ಲೇ ನೋಡಬಹುದು. ಹಸಿಮಣ್ಣಿನ ದಿಬ್ಬದ ಮೇಲೆ ಇಟ್ಟಿಗೆ ಚೂರುಗಳನ್ನು ಬಿಗಿಯಾಗಿ ಜೋಡಿಸಿ, ಎರಡೂ ತುದಿಗೆ ಭಾರದ ಕಲ್ಲು ಕೊಟ್ಟು, ಮಣ್ಣನ್ನು ಮೆಲ್ಲಗೆ ಕೆರೆದರೆ ಕಮಾನು ಅಂಟಿಲ್ಲದೆ ನಿಲ್ಲುತ್ತದೆ. ತುದಿಯ ಕಲ್ಲು ಸರಿಸಿದರೆ ಕುಸಿಯುತ್ತದೆ. ಗಾರೆ ಕೆಲಸದವರು ಸೆಂಟ್ರಿಂಗ್ ಯಾಕೆ ಹೊಡೆಯುತ್ತಾರೆಂಬುದೂ ಆಗ ತಿಳಿಯುತ್ತದೆ. ಖರ್ಚು ಫೆವಿಕಾಲ್ ಡಬ್ಬಿಗಿಂತ ಕಡಿಮೆ.

ಕಡ್ಡಿ ಸೇತುವೆ ಬೇಡವೆಂದಲ್ಲ. ಅದು ಮೊದಲ ಪಾಠವಾಗಿರಲಿ, ಕೊನೆಯದಲ್ಲ. ಬಹುಮಾನ ಕೊಡಲೇಬೇಕೆಂದರೆ ಹೆಚ್ಚು ಭಾರ ಹೊತ್ತವರಿಗೆ ಬೇಡ. ತಮ್ಮ ಸೇತುವೆ ಎಲ್ಲಿ ಮುರಿಯುತ್ತದೆಂದು ಮೊದಲೇ ಗುರುತು ಹಾಕಿ, ಕಾರಣ ಹೇಳಿ, ಅಲ್ಲೇ ಮುರಿದು ತೋರಿಸಿದವರಿಗೆ ಕೊಡಿ.