ಕಿರುಬೆರಳಿನ ಸಾಕ್ಷಿ

ಹೆಬ್ಬೆರಳಿನಿಂದಲೇ ಮನುಷ್ಯ ಮನುಷ್ಯನಾದ ಎಂದು ಶಾಲೆಯಲ್ಲಿ ಕಲಿತವರು ನಾವು. ಮೇರಿ ಮಾರ್ಜ್ಕೆ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದ ಮೇಲೆ ಆ ಪಾಠವನ್ನು ಕೊಂಚ ತಿದ್ದಿಕೊಂಡೆ. ಕಲ್ಲಿಗೆ ಕಲ್ಲು ಹೊಡೆದು ಹಳೆಯ ಶಿಲಾಯುಗದ ಓಲ್ಡೊವಾನ್ ಮಾದರಿಯ ಚಕ್ಕೆ ಎಬ್ಬಿಸುವಾಗ ಕೈಯ 17 ಸ್ನಾಯುಗಳಲ್ಲಿ ಯಾವುದು ಎಷ್ಟು ದುಡಿಯುತ್ತದೆ ಎಂದು ಅವರು ಸ್ನಾಯುವಿನ ವಿದ್ಯುತ್ ಮಿಡಿತ ದಾಖಲಿಸುವ ಇಎಂಜಿಯಲ್ಲಿ ಅಳೆದರು. ಸುತ್ತಿಗೆ ಕಲ್ಲು ಹಿಡಿದ ಬಲಗೈಯಲ್ಲಿ ಬಿಡದೆ ದುಡಿದವು ಕಿರುಬೆರಳಿನ ಸ್ನಾಯುಗಳು.

ನಂಬಿಕೆ ಬರದಿದ್ದರೆ ಅಂಗೈಗೆ ಹಿಡಿಯುವಷ್ಟು ಗುಂಡುಕಲ್ಲು ತೆಗೆದುಕೊಳ್ಳಿ. ಕಿರುಬೆರಳನ್ನು ಎತ್ತಿಹಿಡಿದು ಇನ್ನೊಂದು ಕಲ್ಲಿಗೆ ಕುಟ್ಟಿ ನೋಡಿ (ಕಣ್ಣು ಜೋಪಾನ). ಪೆಟ್ಟು ಬಿದ್ದದ್ದೇ ತಡ ಕಲ್ಲು ಕೈಯೊಳಗೆ ಹೊರಳುತ್ತದೆ, ಮರುಪೆಟ್ಟು ಗುರಿ ತಪ್ಪುತ್ತದೆ. ಕಲ್ಲುಕುಟಿಗರಿಗೆ ಇದನ್ನು ಹೇಳಿಕೊಡಲು ಯಂತ್ರ ಬೇಕಿಲ್ಲ.

ಮಾರ್ಜ್ಕೆ ಅವರ ಪ್ರಯೋಗಕ್ಕೆ ಕೂತವರು ಮೂವರೇ, ನಿಜ. ಆದರೂ ನನಗೆ ಅದರ ಮೇಲೆ ಭರವಸೆಯಿದೆ. ಸ್ನಾಯು ಕೊಳೆತು ಹೋದರೂ ಅದು ಅಂಟಿಕೊಂಡಿದ್ದ ಎಲುಬು ಪಳೆಯುಳಿಕೆಯಾಗಿ ಸಿಗಬಹುದು. ಇಂದಿನ ಕೈಯಲ್ಲಿ ಕಂಡದ್ದನ್ನು ಅಂದಿನ ಕೈಯ ಪಕ್ಕದಲ್ಲಿಟ್ಟು ನೋಡಬಹುದು. ಮಿದುಳಿಗೆ ಆ ಅನುಕೂಲವಿಲ್ಲ. ತಲೆಬುರುಡೆಯ ಒಳಗೋಡೆಯಲ್ಲಿ ಉಳಿದ ಅಚ್ಚೇ ಅದರ ಆಸ್ತಿ.

ಕಲ್ಲು ಒಡೆಯುವಾಗ ಮಿದುಳು ಹೇಗೆ ದುಡಿಯುತ್ತದೆಂದು ನೋಡಿದ ಡೀಟ್ರಿಚ್ ಸ್ಟೌಟ್ ಮತ್ತು ಜೊತೆಗಾರರ 2008ರ ಅಧ್ಯಯನದ ತೊಡಕು ಇಲ್ಲಿಂದಲೇ ಶುರು. ಉಪಾಯವೇನೋ ಸೊಗಸಾದದ್ದು. ಎಫ್‌ಎಂಆರ್‌ಐ ಎಂಬ, ಮಿದುಳಿನ ದುಡಿಮೆ ತೋರಿಸುವ ಯಂತ್ರದಲ್ಲಿ ತಲೆ ಅಲ್ಲಾಡಿಸುವಂತಿಲ್ಲ, ಕಲ್ಲು ಒಡೆಯುವ ಮಾತೇ ಇಲ್ಲ. ಇವರು ವಿಕಿರಣಶೀಲ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟು, ಪಳಗಿದವರನ್ನು ಅವರ ಪಾಡಿಗೆ ಕಲ್ಲು ಒಡೆಯಲು ಕೂರಿಸಿ, ಆಮೇಲೆ ಆ ಸಕ್ಕರೆ ಎಲ್ಲಿ ಸೇರಿತೆಂದು ತೋರಿಸುವ ಪೆಟ್ ಯಂತ್ರದಲ್ಲಿ ಮಲಗಿಸಿದರು. ಹೆಚ್ಚು ದುಡಿದ ಭಾಗ ಹೆಚ್ಚು ಸಕ್ಕರೆ ಹೀರಿರುತ್ತದೆ. ಆದರೆ ಕಲ್ಲು ತಿರುಗಿಸಿದ್ದು, ಅಂಚು ನೋಡಿದ್ದು, ಹೊಡೆದದ್ದು, ಎಲ್ಲ ಒಂದೇ ಚಿತ್ರದಲ್ಲಿ ಕಲಸಿಹೋಗುತ್ತದೆ. ಓಲ್ಡೊವಾನ್ ನಂತರದ ಅಶೂಲಿಯನ್ ಮಾದರಿಯ ಕೈಗೊಡಲಿ ಮಾಡುವಾಗ ಮಿದುಳಿನ ಬಲ ಮುಂಭಾಗದ ಕೆಳಬದಿ, ಅಂದರೆ ಮಾತಿಗೆ ಹೆಸರಾದ ಬ್ರೋಕಾ ಪ್ರದೇಶದ ಬಲಬದಿಯ ಜೋಡಿ, ಚುರುಕಾಗಿದ್ದು ಕಂಡಿತು. ಕಲ್ಲಿನ ಕಸುಬೂ ಮಾತೂ ಜೊತೆಯಾಗಿ ಬೆಳೆದವು ಎಂಬ ವಾದಕ್ಕೆ ಇದರಿಂದ ಬಲ ಬಂತು. ಕೂತವರು ಇಲ್ಲೂ ಮೂವರೇ, ಅದರಲ್ಲೂ ಪುರಾತತ್ತ್ವಜ್ಞರು. ಮಾತಿನಲ್ಲೇ ಮುಳುಗೆದ್ದ ತಲೆಗಳು.

2017ರಲ್ಲಿ ಶೆಲ್ಬಿ ಪುಟ್ ತಂಡ ಈ ಗಂಟಿಗೇ ಕೈ ಹಾಕಿತು. 31 ಜನ ಹೊಸಬರಲ್ಲಿ ಕೆಲವರಿಗೆ ವಿವರಣೆಯಿದ್ದ ವಿಡಿಯೊ, ಉಳಿದವರಿಗೆ ಮಾತಿಲ್ಲದ ವಿಡಿಯೊ ತೋರಿಸಿ ಕಲ್ಲು ಒಡೆಯುವುದನ್ನು ಕಲಿಸಿದರು. ತಲೆಗೆ ಟೋಪಿಯಂತೆ ತೊಡಿಸುವ, ಮಿದುಳಿನ ದುಡಿಮೆಯನ್ನು ಬೆಳಕಿನಿಂದ ಅಳೆಯುವ ಉಪಕರಣ ಬಳಸಿದರು. ಬ್ರೋಕಾ ಚುರುಕಾಗುವುದು ಕಲಿಸಿದ ರೀತಿಯ ಫಲವಿರಬಹುದು ಎಂಬ ಅನುಮಾನ ಅಲ್ಲಿ ಗಟ್ಟಿಯಾಯಿತು. ಈ ಉಪಕರಣಕ್ಕೆ ಮಿದುಳಿನ ಮೇಲ್ಪದರ ಮಾತ್ರ ಎಟಕುತ್ತದೆ ಎಂಬ ಕೊರತೆ ಇದ್ದೇ ಇದೆ. ಆದರೆ ಕಲಿಸುವ ಬಗೆಯನ್ನೇ ಪರೀಕ್ಷೆಗೆ ಒಡ್ಡಿದ ಜಾಣತನ ಪೆಟ್ ಅಧ್ಯಯನದಲ್ಲಿ ಇರಲಿಲ್ಲ.

ನನಗೆ ಹೆಚ್ಚು ಹಿಡಿಸಿದ ದಾರಿ ವ್ಯಾಲಂಟೀನ್ ರೂ ಮತ್ತು ಬ್ಲಾಂಡೀನ್ ಬ್ರಿಲ್ ಅವರದು. ಅವರು ಗುಜರಾತಿನ ಖಂಭಾತಿಗೇ ಹೋಗಿ, ಮಣಿ ಕಡೆಯುವುದನ್ನೇ ಬದುಕಾಗಿಸಿಕೊಂಡವರ ಪೆಟ್ಟನ್ನು ಅಳೆದರು. ಅಂಥ ಅಳತೆಗೆ ನಮ್ಮಲ್ಲೂ ಜಾಗವಿದೆ. ನಮ್ಮ ಯಾದಗಿರಿಯ ಹುಣಸಗಿ ಕಣಿವೆಯಲ್ಲಿ, ಕೆ. ಪದ್ದಯ್ಯ ಅಗೆದು ತೋರಿಸಿದ ಇಸಾಂಪುರದಲ್ಲಿ, ಸುಮಾರು 12 ಲಕ್ಷ ವರ್ಷಗಳ ಹಿಂದೆ ಕೈಗೊಡಲಿಯಾದದ್ದು ಹಾಸುಹಾಸಾಗಿ ಏಳುವ ಸುಣ್ಣಕಲ್ಲು. ಮುಂದಿನ ಸಂಶೋಧಕರಲ್ಲಿ ಒಂದೇ ಕೋರಿಕೆ: ಆ ಕಲ್ಲನ್ನು ಪಳಗಿದ ಕಲ್ಲುಕುಟಿಗರ ಕೈಗೆ ಕೊಟ್ಟು, ಇಎಂಜಿ ತಂತಿಗಳನ್ನು ಆ ಕೈಗೇ ಅಂಟಿಸಿ.