ಪಿನ್‌ಕೋಡ್ ರಸಿಕರಿಗೊಂದು ಕೈಪಿಡಿ

ಕೆಎ 14 ಫಲಕದ ಮೇಲೆ 9999 ಇರಲೇಬೇಕೆಂದು ಹಟ ಹಿಡಿಯುವವರಿಗೆ ಸಂಖ್ಯೆಯ ರುಚಿ ಗೊತ್ತಿಲ್ಲ. 9999 ಮುಟ್ಟಿದರೆ ಒಡೆಯುತ್ತದೆ: 3×3×11×101. ಇನ್ನು ಅಂಕಿ ಕೂಡಿಸಿ ಅದೃಷ್ಟ ಹೇಳುವವರು ಮಾಡುವುದು 9ರಿಂದ ಭಾಗಿಸಿ ಶೇಷ ನೋಡುವ ಕೆಲಸವಷ್ಟೇ, ದಕ್ಷಿಣೆ ಬೇರೆ. ಸ್ವಲ್ಪ ಓದಿಕೊಂಡವರು ರಾಮಾನುಜನ್ ಹೆಸರೆತ್ತಿ 1729 ಎಂದು ಕಣ್ಣರಳಿಸುತ್ತಾರೆ. ಅದು 7×13×19 ಎಂದು ಒಡೆದು ನೋಡಿದವರು ಅವರಲ್ಲಿ ಎಷ್ಟು ಮಂದಿಯೋ!

ರುಚಿ ಹತ್ತಲು ಮನೆ ವಿಳಾಸದ ಕೊನೆಯ ಸಾಲು ಸಾಕು. ಶಿವಮೊಗ್ಗ 577201, ಭದ್ರಾವತಿ 577301. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ರೂಪಿಸಿದವರು ಸಂಸ್ಕೃತ ವಿದ್ವಾಂಸರೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ಅಂಚೆಯವರಿಗೆ ಅಷ್ಟು ಸಾಕು, ರಸಿಕನಿಗೆ ಸಾಲದು.

ಈ ಲೇಖಕನಿಗೆ ಹುಚ್ಚು ಹಿಡಿದದ್ದು ಹೈಸ್ಕೂಲಿನ ದಿನಗಳಲ್ಲಿ, ಇನ್‌ಲ್ಯಾಂಡ್ ಲೆಟರಿನ ಆರು ಚೌಕ ತುಂಬುವಾಗ. 577201ರ ಅಂಕಿಗಳ ಮೊತ್ತ 22, ಹಾಗಾಗಿ 3 ಹೋಗದು. 7ಕ್ಕೆ 2 ಉಳಿಯುತ್ತದೆ, 11ಕ್ಕೆ 9. 13ಕ್ಕೆ ಒಂದೇ ಒಂದು ಉಳಿದು ಹೊಟ್ಟೆ ಉರಿಸುತ್ತದೆ. ಆಮೇಲೆ 17. ಸಂಖ್ಯೆ 578000ಕ್ಕಿಂತ 799 ಕಡಿಮೆ. 578000 ಹದಿನೇಳರ 34000 ಪಟ್ಟು, 799 ಅದರ 47 ಪಟ್ಟು. ಹೋಯಿತು! ಬಂದ 33953ಕ್ಕೆ 19 ಹಚ್ಚಿದರೆ ಅದೂ ನಿಶ್ಶೇಷ. ಕೊನೆಗೆ ಸಿಗುವ 1787 ಮಾತ್ರ ಜಪ್ಪಯ್ಯ ಎಂದರೂ ಒಡೆಯುವುದಿಲ್ಲ. 17 ಮತ್ತು 19 ಅವಳಿ ಅವಿಭಾಜ್ಯಗಳು. 1787ಕ್ಕೂ 1789 ಎಂಬ ಅವಳಿ ಉಂಟು, ಅದು ಈ ವಿಳಾಸದಲ್ಲಿಲ್ಲ. ಮೊಬೈಲಿನಲ್ಲಿ ಒತ್ತಿ ಉತ್ತರ ನೋಡುವುದೆಂದರೆ ಹೋಟೆಲಿಗೆ ಹೋಗಿ ಬಿಲ್ಲು ಓದಿ ಬಂದಂತೆ.

ಕಬ್ಬಿಣದೂರು ಭದ್ರಾವತಿ ಅಷ್ಟು ಬೇಗ ಬಗ್ಗುವುದಿಲ್ಲ. 23ಕ್ಕೆ ಒಂದೇ ಉಳಿಸಿ ಆಸೆ ಹುಟ್ಟಿಸುತ್ತದೆ, 43ರವರೆಗೂ ಪೆನ್ಸಿಲ್ ಸವೆಸುತ್ತದೆ, 47ಕ್ಕೆ ಬಾಯಿ ಬಿಡುತ್ತದೆ: 47×71×173. ಶಿವಮೊಗ್ಗದ್ದು ಎರಡು ಪುಟಾಣಿ, ಒಂದು ದೈತ್ಯ. ಭದ್ರಾವತಿಯದು ಮೂರೂ ಹದ. ಈ ಲೇಖಕನ ಮತ ಭದ್ರಾವತಿಗೆ. ಬೇರೆ ಬೇರೆ ಮೂರು ಅವಿಭಾಜ್ಯಗಳು ಒಂದೊಂದೇ ಸಲ ಗುಣಿಸಿಕೊಂಡು ಹುಟ್ಟುವ ಇಂಥವನ್ನು ಸ್ಫೀನಿಕ್ ಸಂಖ್ಯೆಗಳೆನ್ನುತ್ತಾರೆ. ಪ್ರತಿಯೊಂದಕ್ಕೂ ಸರಿಯಾಗಿ ಎಂಟು ಭಾಜಕ. ರಾಮಾನುಜನ್ ಹೆಸರಿನ ಆ 1729 ಕೂಡ ಇದೇ ಕುಲ.

ಉಳಿದ ಗುಣಗಳು ಸಪ್ಪೆ. ತನ್ನನ್ನು ಬಿಟ್ಟು ಮಿಕ್ಕ ಭಾಜಕಗಳನ್ನು ಕೂಡಿಸಿದರೆ ಶಿವಮೊಗ್ಗಕ್ಕೆ 66479, ಭದ್ರಾವತಿಗೆ 24043. ಪರಿಪೂರ್ಣ ಸಂಖ್ಯೆಯ ಹತ್ತಿರವೂ ಇಲ್ಲ. ಎರಡು ವರ್ಗಗಳ ಮೊತ್ತವಾಗಿಯೂ ಎರಡನ್ನೂ ಬರೆಯಲಾಗದು.

ಇದೇನು ಹೊಸ ಚಟವಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ 152207ನ್ನು 73ರಿಂದ ಗುಣಿಸಿ ಎಂಟು ಒಂದುಗಳ ಹಾರ ಪೋಣಿಸಿದ್ದರು.

ಕೈ ಪಳಗಿದ ಮೇಲೆ ಶಂಕರಘಟ್ಟಕ್ಕೆ ಬನ್ನಿ. ಕುವೆಂಪು ವಿಶ್ವವಿದ್ಯಾಲಯದ 577451 ಬೇರೆ ವರ್ಗದ್ದು: 7ಕ್ಕೇ ಸಿಕ್ಕಿಬೀಳುತ್ತದೆ. ಉಳಿದ 82493ಕ್ಕೆ 283ರವರೆಗಿನ ಅವಿಭಾಜ್ಯಗಳನ್ನೆಲ್ಲ ಹಚ್ಚಿ ನೋಡಬೇಕು. ಒಂದೂ ಹೋಗುವುದಿಲ್ಲ.