ಮೆಶ್ ಸಂಖ್ಯೆಯಲ್ಲಿ ಕಾಣದ ಕಣ್ಣು

ಕೈಗಾರಿಕಾ ಜರಡಿಗೆ ಬೇಕಾದ ಸ್ಟೀಲ್ ಜಾಲರಿಯನ್ನು ಅಂಗಡಿಯಲ್ಲಿ ಕೇಳುವುದು ಮೆಶ್ ಲೆಕ್ಕದಲ್ಲಿ. ಒಂದು ಅಂಗುಲ, ಅಂದರೆ 25.4 ಮಿ.ಮೀ. ಉದ್ದದಲ್ಲಿ ಎಷ್ಟು ಕಣ್ಣುಗಳಿವೆ ಎಂಬುದಷ್ಟೇ ಈ ಸಂಖ್ಯೆಯ ಅರ್ಥ. ಕಣ್ಣು ಎಷ್ಟು ಅಗಲ ಎಂಬುದು ತಂತಿಯ ದಪ್ಪವನ್ನು ಅವಲಂಬಿಸಿದೆ. 25.4ನ್ನು ಮೆಶ್ ಸಂಖ್ಯೆಯಿಂದ ಭಾಗಿಸಿ, ಬಂದದ್ದರಲ್ಲಿ ತಂತಿಯ ವ್ಯಾಸ ಕಳೆದರೆ ಕಣ್ಣಿನ ಅಳತೆ ಸಿಗುತ್ತದೆ.

40 ಮೆಶ್‌ನ ಎರಡು ಜಾಲರಿಗಳನ್ನೇ ನೋಡಬಹುದು. ಒಂದು 32 ಗೇಜ್ ತಂತಿಯದು (0.274 ಮಿ.ಮೀ.), ಇನ್ನೊಂದು 36 ಗೇಜ್‌ನದು (0.193 ಮಿ.ಮೀ.). ಗೇಜ್ ಸಂಖ್ಯೆ ಏರಿದಷ್ಟೂ ತಂತಿ ಸಪೂರ. ಮೊದಲನೆಯದರ ಕಣ್ಣು 361 ಮೈಕ್ರಾನ್, ಎರಡನೆಯದರದು 442 ಮೈಕ್ರಾನ್. 400 ಮೈಕ್ರಾನಿನ ಕಣ ಒಂದರ ಮೇಲೆ ಉಳಿಯುತ್ತದೆ, ಇನ್ನೊಂದರಲ್ಲಿ ಇಳಿದುಹೋಗುತ್ತದೆ. ಅಮೆರಿಕದ ಮಾನಕದಲ್ಲಿ 40ನೇ ನಂಬರಿನ ಪರೀಕ್ಷಾ ಜರಡಿಯ ಕಣ್ಣು 425 ಮೈಕ್ರಾನ್; ಅದು ಇವೆರಡಕ್ಕೂ ಸರಿಹೊಂದದು. ಭಾರತದ ಐಎಸ್ 460 ಮಾನಕ ಪರೀಕ್ಷಾ ಜರಡಿಗಳನ್ನು ಕಣ್ಣಿನ ಅಳತೆಯಿಂದಲೇ ಗುರುತಿಸುವುದರಿಂದ ಅಲ್ಲಿ ಈ ಗೊಂದಲವಿಲ್ಲ.

ತಂತಿಯ ದಪ್ಪ ಇನ್ನೂ ಒಂದನ್ನು ತೀರ್ಮಾನಿಸುತ್ತದೆ. ಜಾಲರಿಯ ಒಟ್ಟು ವಿಸ್ತೀರ್ಣದಲ್ಲಿ ಕಣ್ಣುಗಳ ಪಾಲು ಮೊದಲನೆಯದರಲ್ಲಿ ಶೇ 32, ಎರಡನೆಯದರಲ್ಲಿ ಶೇ 48. ಪಾಲು ಹೆಚ್ಚಿದಷ್ಟೂ ಮಾಲು ಬೇಗ ಇಳಿಯುತ್ತದೆ, ಆದರೆ ಸಪೂರ ತಂತಿ ಬೇಗ ಸವೆಯುತ್ತದೆ. ಹಗುರವಾದ ಪುಡಿಗೆ ಸಪೂರ ತಂತಿ, ಒರಟಾದ ಭಾರದ ಮಾಲಿಗೆ ದಪ್ಪ ತಂತಿ ಎಂಬುದು ಸಾಮಾನ್ಯ ನಿಯಮ.

ಇನ್ನು ಲೋಹದ ದರ್ಜೆ. ಒಣ ಹಿಟ್ಟು, ಸಕ್ಕರೆ, ಮಸಾಲೆಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕು. ಇದರಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುತ್ತದೆ. ಉಪ್ಪು ಅಥವಾ ಕ್ಲೋರೈಡ್ ಇರುವ ರಾಸಾಯನಿಕದ ಒಡನಾಟವಿದ್ದರೆ 304ರ ತಂತಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆತ ಬೀಳುತ್ತದೆ. ಅಂಥಲ್ಲಿ ಶೇ 2ರಿಂದ 3 ಮಾಲಿಬ್ಡಿನಂ ಇರುವ 316 ಬೇಕು. ಬೆಸುಗೆ ಹಾಕುವುದಿದ್ದರೆ ಇಂಗಾಲ ಕಡಿಮೆ ಇರುವ 316ಎಲ್ ಮೇಲು.

ಅಯಸ್ಕಾಂತ ಹಿಡಿದು ದರ್ಜೆ ಪರೀಕ್ಷಿಸುವ ರೂಢಿ ಜಾಲರಿಯ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ತಣ್ಣಗೆ ಎಳೆದು ಸಪೂರಗೊಳಿಸಿದ ತಂತಿ ಅಸಲಿ 304 ಆಗಿದ್ದರೂ ಅಯಸ್ಕಾಂತಕ್ಕೆ ತುಸು ಅಂಟಬಹುದು. ನಿಕ್ಕಲ್ ಕಡಿತಗೊಳಿಸಿ ಮ್ಯಾಂಗನೀಸ್ ಸೇರಿಸಿದ 200 ಸರಣಿಯ ಅಗ್ಗದ ಉಕ್ಕು ಅಂಟದೆಯೂ ಇರಬಹುದು. ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರ ಅಥವಾ ಲೋಹದ ರಾಸಾಯನಿಕ ವಿಶ್ಲೇಷಣೆಯೇ ನಂಬಲರ್ಹ.

ಸ್ಟೇನ್‌ಲೆಸ್ ಎಲ್ಲ ಕಡೆಗೂ ಸಲ್ಲುವುದಿಲ್ಲ. ಕಲ್ಲು ಕ್ರಷರ್‌ಗಳಲ್ಲಿ ಒಣ ಜಲ್ಲಿ ಬೇರ್ಪಡಿಸಲು ಇಂಗಾಲ ಹೆಚ್ಚಿರುವ ಸ್ಪ್ರಿಂಗ್ ಸ್ಟೀಲ್ ತಂತಿ ಹೆಚ್ಚು ಬಾಳುತ್ತದೆ, ಬೆಲೆಯೂ ಕಡಿಮೆ. ಎಂ-ಸ್ಯಾಂಡ್ ತೊಳೆಯುವ ಘಟಕದಂಥ ಒದ್ದೆ ಜಾಗದಲ್ಲಿ ಮಾತ್ರ ಲೆಕ್ಕ ಬದಲಾಗುತ್ತದೆ. ತುಕ್ಕು ಹಿಡಿದ ತಂತಿ ಒರಟಾಗಿ ಸಣ್ಣ ಕಣ್ಣುಗಳು ಕಟ್ಟಿಕೊಳ್ಳುವುದರಿಂದ ಅಲ್ಲಿ ಸ್ಟೇನ್‌ಲೆಸ್‌ಗೆ ಕೊಟ್ಟ ಹೆಚ್ಚಿನ ಹಣ ವ್ಯರ್ಥವಲ್ಲ.

ನೇಯ್ಗೆಯಲ್ಲಿ ಸಾದಾ ನೇಯ್ಗೆಯದೇ ಮೇಲುಗೈ: ಹಾಸು ತಂತಿಯ ಮೇಲೊಮ್ಮೆ, ಕೆಳಗೊಮ್ಮೆ ಹೊಕ್ಕು ತಂತಿ ಹಾಯುತ್ತದೆ. ನವಿರು ಮೆಶ್‌ಗೆ ದಪ್ಪ ತಂತಿ ಬೇಕಾದಾಗ ಎರಡರ ಮೇಲೆ, ಎರಡರ ಕೆಳಗೆ ಹಾಯಿಸುವ ಟ್ವಿಲ್ ನೇಯ್ಗೆ ಬರುತ್ತದೆ. ಜೀನ್ಸ್ ಬಟ್ಟೆಯ ಹಾಗೆ ಅದರಲ್ಲಿ ಓರೆ ಗೆರೆ ಕಾಣುತ್ತದೆ. ಡಚ್ ನೇಯ್ಗೆ ದ್ರವ ಸೋಸಲು ಮೀಸಲು. ಅದರಲ್ಲಿ ನೇರವಾದ ಕಣ್ಣೇ ಇಲ್ಲದಿರುವುದರಿಂದ ಜರಡಿಗೆ ಒಗ್ಗದು.

ಕಣ್ಣಿಗಿಂತ ತೀರಾ ಸಣ್ಣ ಕಣ ತಕ್ಷಣ ಇಳಿಯುತ್ತದೆ, ತೀರಾ ದೊಡ್ಡದು ಮೇಲೆ ಉರುಳಿಹೋಗುತ್ತದೆ. ತೊಂದರೆ ಕೊಡುವುದು ಕಣ್ಣಿನ ಅಳತೆಯ ಆಸುಪಾಸಿನ ಕಣ. ಅದು ತಂತಿಗಳ ನಡುವೆ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಜಾಲರಿಯ ಕೆಳಗೆ ಪುಟಿಯುವ ರಬ್ಬರ್ ಚೆಂಡುಗಳು, ಚೌಕದ ಬದಲು ಉದ್ದ ಕಣ್ಣುಗಳು, ನವಿರು ಪುಡಿಗಾದರೆ ಅಲ್ಟ್ರಾಸಾನಿಕ್ ಕಂಪನ ಇದಕ್ಕೆ ಪರಿಹಾರ. ತಂತಿಯ ಬ್ರಷ್‌ನಿಂದ ಉಜ್ಜಿದರೆ ಕಣ್ಣಿನ ಆಕಾರ ಕೆಡುತ್ತದೆ.

ಜಾಲರಿ ಹರಿಯುವುದಕ್ಕೆ ಸವೆತದಷ್ಟೇ ಸಡಿಲವೂ ಕಾರಣ. ಬಿಗಿಯಿಲ್ಲದ ಜಾಲರಿ ಪ್ರತಿ ಕಂಪನಕ್ಕೂ ಪಟಪಟ ಬಡಿದು, ಚೌಕಟ್ಟಿನ ಅಂಚಿನಲ್ಲಿ ತಂತಿ ಬಳಲಿ ಮುರಿಯುತ್ತದೆ. ಆದ್ದರಿಂದ ಎಲ್ಲ ಬದಿಗೂ ಸಮನಾಗಿ ಎಳೆದು ಕೂರಿಸಬೇಕು.

ಖರೀದಿ ಆದೇಶದಲ್ಲಿ ಕಣ್ಣಿನ ಅಳತೆ, ತಂತಿಯ ವ್ಯಾಸ, ಉಕ್ಕಿನ ದರ್ಜೆ, ನೇಯ್ಗೆ ನಾಲ್ಕೂ ಇರಬೇಕು. ಮಾಲು ಬಂದಾಗ ಭೂತಗನ್ನಡಿಯಡಿ ಒಂದು ಅಂಗುಲದ ಕಣ್ಣುಗಳನ್ನು ಎಣಿಸಿ, ಮೈಕ್ರೋಮೀಟರ್‌ನಿಂದ ತಂತಿ ಅಳೆದರೆ ಎರಡು ಅಂಶಗಳ ತಾಳೆ ಅಲ್ಲೇ ಮುಗಿಯುತ್ತದೆ. ಆಹಾರ ಮತ್ತು ಔಷಧ ಘಟಕಗಳಲ್ಲಿ ಪ್ರತಿ ಬ್ಯಾಚ್‌ನ ಮೊದಲು ಮತ್ತು ಕೊನೆಗೆ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡುವುದು ಕಡ್ಡಾಯವಾಗಬೇಕು. ಒಂದೇ ಒಂದು ತಂತಿ ಕಡಿದಿದ್ದರೂ ತೇಪೆ ಹಾಕದೆ ಜಾಲರಿ ಬದಲಿಸಬೇಕು, ಆ ಬ್ಯಾಚನ್ನು ತಡೆಹಿಡಿಯಬೇಕು.